ಬಡಿಸಿದ್ದನ್ನು ಮಗು ಮುಗಿಸಿಯೇ ಏಳಬೇಕೆ?

ಪರ

ಮುಂಬಯಿ ಬಳಿಯ ಡೊಂಬಿವಲಿಯಿಂದ ಬೆಳಗಿನ ಲೋಕಲ್ ರೈಲು ಹಿಡಿದು ಹೋಗಿ ರಾತ್ರಿ ಎಂಟಕ್ಕೆ ಮರಳುವ ತಂದೆತಾಯಿಗೆ ಮಗುವಿನೊಡನೆ ಕೂತು ಉಣ್ಣಲು ಸಿಗುವುದು ದಿನಕ್ಕೆ ಒಂದೇ ಹೊತ್ತು. ಆಗಲೂ ಮಗು 'ಬೇಡ' ಎಂದ ಕೂಡಲೇ ಬಸಳೆ ಹುಳಿಯನ್ನು ಸರಿಸಿ ನೂಡಲ್ಸ್ ಬೇಯಿಸಿಕೊಟ್ಟರೆ, ಊರಿನಿಂದ ಬಂದ ಅಡುಗೆ ಒಂದೇ ತಲೆಮಾರಿನಲ್ಲಿ ಮನೆಯಿಂದ ಹೊರಟುಹೋಗುತ್ತದೆ. ಬೀದಿಯಲ್ಲಿ ಹೆಜ್ಜೆಗೊಂದು ವಡಾಪಾವ್ ಗಾಡಿ, ಮೊಬೈಲ್ ಒತ್ತಿದರೆ ಬಾಗಿಲಿಗೇ ಬರುವ ಚಿಪ್ಸ್. ಇವುಗಳೆದುರು ಹಾಗಲಕಾಯಿ ತಾನಾಗಿ ಗೆಲ್ಲಲಾರದು. ಎರಡರಿಂದ ಆರು ವರ್ಷದ ಮಕ್ಕಳು ಹೊಸ ಆಹಾರಕ್ಕೆ ಹಿಂಜರಿಯುವುದು ಸಹಜ. ಎಂಟು-ಹತ್ತು ಬಾರಿ ರುಚಿ ನೋಡಿದ ಮೇಲೆಯೇ ಅನೇಕರು ಅದನ್ನು ಒಪ್ಪುತ್ತಾರೆ. ಅಷ್ಟು ಬಾರಿ ನಾಲಿಗೆಗೆ ತಾಗಬೇಕಾದರೆ ಹಿರಿಯರು ಪಟ್ಟು ಹಿಡಿಯಲೇಬೇಕು. ಗಂಜಿಯ ಕೊನೆಯ ಅಗುಳನ್ನೂ ಬಿಡದೆ ಉಂಡು ಬೆಳೆದ ಅಜ್ಜಿ ಅನ್ನ ಚೆಲ್ಲಬಾರದು ಎನ್ನುವಾಗ ಹಸಿವು ಕಂಡ ಜೀವವೇ ಮಾತಾಡುತ್ತಿರುತ್ತದೆ.

ವಿರೋಧ

ಪಟ್ಟು ಬೇಕು, ಒಪ್ಪುತ್ತೇನೆ. ಆದರೆ ಬಸಳೆಯನ್ನು ಮತ್ತೆ ಮತ್ತೆ ಬಡಿಸುವುದು ಬೇರೆ, ಬಡಿಸಿದ್ದು ಮುಗಿಯುವ ತನಕ ಮಗುವನ್ನು ಏಳಗೊಡದಿರುವುದು ಬೇರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟು, ಒಂದನ್ನು ಮಾತ್ರ ಮುಗಿಸುವಂತೆ ಒತ್ತಾಯಿಸಲಾಯಿತು. ಮಕ್ಕಳು ಹೆಚ್ಚು ಕುಡಿದದ್ದು ಒತ್ತಾಯವಿಲ್ಲದ ಸೂಪನ್ನು. ಒತ್ತಾಯಿಸಿದಾಗ ಅವರ ಬಾಯಿಂದ ಬಂದ ದೂರುಗಳೂ ಬಹಳ ಹೆಚ್ಚು. ಹಾಗಲಕಾಯಿಯನ್ನು ಮಗುವಿಗೆ ಒಗ್ಗಿಸಲು ಹೊರಟವರು ಅದರ ಮೇಲೆ ಹಗೆಯನ್ನೇ ಹುಟ್ಟಿಸುವ ಅಪಾಯವಿದೆ. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು: ಹೊಟ್ಟೆ ತುಂಬಿದೆ ಎಂದು ಒಳಗಿನಿಂದ ಬರುವ ಸೂಚನೆಯನ್ನು ಬಿಟ್ಟು, ತಟ್ಟೆ ಖಾಲಿಯಾಯಿತೇ, ಅಮ್ಮನ ಮುಖ ಅರಳಿತೇ ಎಂದು ನೋಡಿಕೊಂಡು ತಿನ್ನುವುದನ್ನು ಮಗು ಕಲಿಯುತ್ತದೆ. ಹಗಲಲ್ಲಿ ಮೊಬೈಲ್ ತೋರಿಸಿ ತುತ್ತಿಡುವ ಅಜ್ಜಿಯ ಪ್ರೀತಿ ದೊಡ್ಡದೇ, ಆದರೆ ಆ ತುತ್ತು ಬಾಯಿಗೆ ಹೋದದ್ದೇ ಮಗುವಿಗೆ ತಿಳಿದಿರುವುದಿಲ್ಲ.

1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ ದಬ್ಬಾಳಿಕೆ ಮತ್ತು ಸಡಿಲು ಬಿಡುವಿಕೆಗಳಿಗೆ ಹೊರತಾಗಿ, ನಿಯಮವೂ ಮಮತೆಯೂ ಕೂಡಿದ ಮೂರನೆಯ ರೀತಿಯನ್ನು ಗುರುತಿಸಿದರು. ಊಟದ ವಿಷಯದಲ್ಲಿ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳುವ ಹಂಚಿಕೆ ಅದಕ್ಕೆ ಹತ್ತಿರದ್ದು: ಏನು, ಯಾವಾಗ, ಎಲ್ಲಿ ಎಂಬುದು ಹಿರಿಯರ ನಿರ್ಧಾರ, ತಿನ್ನಬೇಕೇ, ಎಷ್ಟು ಎಂಬುದು ಮಗುವಿನದು. ಅಂದರೆ ನೂಡಲ್ಸ್ ಬೇಯುವುದಿಲ್ಲ, ಬಸಳೆ ಮುಂದಿನ ವಾರವೂ ಬರುತ್ತದೆ. ಅನ್ನ ಚೆಲ್ಲದಿರಲು ಮೊದಲು ಒಂದೇ ಸೌಟು ಬಡಿಸಿದರಾಯಿತು. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಕೇಳಿಯೇ ಬಡಿಸುತ್ತಾರೆ, ಸಾಕೆನಿಸಿದಾಗ ನಾವು ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ನಮ್ಮ ಮನೆಯ ನಾಲ್ಕು ವರ್ಷದ ಮಗು ಹಾಗೆ ಕೈ ಅಡ್ಡ ಹಿಡಿದರೆ ಅದನ್ನು ಹಟ ಎನ್ನುತ್ತೇವೆ.