ರಾಯರು ಕೈ ಎತ್ತಿದ್ದು ಯಾಕೆ?

ಸಾವಿರ ರೂಪಾಯಿ ಜಾಸ್ತಿ ಆಗಿದ್ದರೆ ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಸಾವಿರದ ಮೂರು ರೂಪಾಯಿ ಜಾಸ್ತಿ ಆಗಿದೆ. ಆ ಮೂರು ರೂಪಾಯಿ ನೋಡಿದಾಗಿನಿಂದ ಮೈ ಉರಿಯುತ್ತಿದೆ.

ನಮ್ಮ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಚದರಡಿಗೆ 3.25 ಇದ್ದದ್ದು 4.10 ಆಗಬೇಕಂತೆ. ನಮ್ಮದು 1,180 ಚದರಡಿಯ ಎರಡು ಬೆಡ್‌ರೂಮಿನ ಮನೆ. ತಿಂಗಳಿಗೆ 3,835 ಕಟ್ಟುತ್ತಿದ್ದವರು ಇನ್ನು 4,838 ಕಟ್ಟಬೇಕು. ಈ 1,180 ಅನ್ನೋದೂ ಒಂದು ಮಾಯೆಯೇ. ಅದು ಸೂಪರ್ ಬಿಲ್ಟಪ್ ಲೆಕ್ಕ. ಮನೆಯೊಳಗೆ ಮೂಲೆ ಮೂಲೆ ಅಳೆದರೂ ಅಷ್ಟು ಸಿಗಲ್ಲ. ಮಿಕ್ಕಿದ್ದು ಮೆಟ್ಟಿಲಲ್ಲಿ, ಲಿಫ್ಟ್ ಮುಂದಿನ ಜಾಗದಲ್ಲಿ, ಜನರೇಟರ್ ರೂಮಿನಲ್ಲಿ, ಗೇಟಿನ ಹತ್ತಿರ ಸೆಕ್ಯುರಿಟಿಯವನ ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ಹಂಚಿಹೋಗಿದೆ. ಮನೆ ಮಾರುವವರು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಸಿಗುವ ಜಾಗ, ಎಷ್ಟು ಅಂತ ಹೇಳಲೇಬೇಕು ಅಂತ 2016ರಲ್ಲೇ ರೇರಾ ಕಾಯ್ದೆ ಬಂತು. ನಮ್ಮ ಮೇಂಟೆನೆನ್ಸ್ ಬಿಲ್ಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಖಜಾಂಚಿಯವರು ಎಕ್ಸೆಲ್ ಶೀಟ್ ಕಳಿಸಿದ್ದಾರೆ. ಬೈಯೋಣ ಅಂತ ತೆರೆದರೆ ಬೈಯುವಂಥದ್ದು ಏನೂ ಸಿಗಲ್ಲ, ಅದೇ ಸಂಕಟ. ಪ್ರತಿ ಏಪ್ರಿಲ್‌ಗೆ ಕನಿಷ್ಠ ವೇತನದ ತುಟ್ಟಿಭತ್ಯೆ ಏರುತ್ತೆ, ಸೆಕ್ಯುರಿಟಿ ಏಜೆನ್ಸಿಯ ಬಿಲ್ಲೂ ಏರುತ್ತೆ. ಲಿಫ್ಟಿನ ಎಎಂಸಿ ಅನ್ನೋ ವರ್ಷದ ರಿಪೇರಿ ಗುತ್ತಿಗೆ, ಜನರೇಟರಿಗೆ ಡೀಸೆಲ್. ಆಮೇಲೆ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡೋ ಘಟಕ. ಲಕ್ಷಗಟ್ಟಲೆ ನುಂಗಿ ಸಂಜೆ ಆರಕ್ಕೆ ಸರಿಯಾಗಿ ವಾಸನೆ ಬಿಡೋ ಆ ಮಹಾನುಭಾವನ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೇರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಬಾಯಾರಿ ಕೂತಿದ್ದಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತ್ತು, ನೆನಪಿದೆಯಾ? ಐದು ಕಿಲೋಮೀಟರ್ ಒಳಗಾದರೆ 12 ಸಾವಿರ ಲೀಟರಿಗೆ 1,000 ರೂಪಾಯಿ. ಅವತ್ತಿನಿಂದ ನಮ್ಮ ಟ್ಯಾಂಕರಿನವನ ಬೋರ್‌ವೆಲ್ ಆರನೇ ಕಿಲೋಮೀಟರಿಗೆ ಹೋಗಿ ನಿಂತಿದೆ.

ದರ ಏರಿಸೋದಕ್ಕೆ ಸಭೆ ಕರೆದರು. ಟೆರೇಸಿನಲ್ಲಿ. ಹಾಲ್ ಅಂತ ಇಲ್ಲ ನಮ್ಮಲ್ಲಿ. ಬಿಲ್ಡರ್ ಕೊಟ್ಟ ಬ್ರೋಷರಿನಲ್ಲಿ ಕ್ಲಬ್‌ಹೌಸ್ ಇತ್ತು, ಅದು ಬ್ರೋಷರಿನಲ್ಲೇ ಉಳಿಯಿತು. ನಮ್ಮ ಮನೆಯವರು ಮ್ಯಾಚ್ ಇದೆ, ನೀನೇ ಹೋಗಿ "ಬೇಡ" ಅಂತ ಕೈ ಎತ್ತಿ ಬಾ ಅಂದರು.

ಮೊದಲು ಎದ್ದು ನಿಂತವರು ಪೆಂಟ್‌ಹೌಸಿನವರು. 4.10 ಅನ್ಯಾಯ, 3.48 ಮಾಡಿ ಅಂದರು. ಮೂರೂವರೆ ಅಲ್ಲ, ಮೂರು ರೂಪಾಯಿ ನಲವತ್ತೆಂಟು ಪೈಸೆ. ಇದೆಲ್ಲಿಯ ಲೆಕ್ಕಾಚಾರ ಅಂತ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಮೂರನೇ ಮಹಡಿಯ ಸಿಎ ಹುಡುಗಿ ಮೊಬೈಲ್ ತೆಗೆದು ಗುಟ್ಟು ಬಿಚ್ಚಿದಳು. ಸಂಘದ ವಹಿವಾಟು ವರ್ಷಕ್ಕೆ 20 ಲಕ್ಷ ಮೀರಿದ್ದು, ಒಂದು ಮನೆಯ ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿದರೆ ಶೇ 18 ಜಿಎಸ್‌ಟಿ. ಅದೂ ದಾಟಿದ ಚೂರಿಗಲ್ಲ, ಪೂರ್ತಿ ಮೊತ್ತಕ್ಕೆ ಅಂತ 2019ರಲ್ಲೇ ಸುತ್ತೋಲೆ ಬಂದಿದೆ. ಪೆಂಟ್‌ಹೌಸ್ 2,150 ಚದರಡಿ. 3.48ರಂತೆ 7,482 ಆಗುತ್ತೆ, ಗೆರೆಯ ಒಳಗೆ. 4.10 ಆದರೆ 8,815, ಜಿಎಸ್‌ಟಿ ಸೇರಿ ಹತ್ತು ಸಾವಿರದ ಮೇಲೆ. ಗುಟ್ಟು ರಟ್ಟಾದ ಕೂಡಲೇ ಅವರು "ಹಾಗಾದರೆ ಎಲ್ಲ ಮನೆಗೂ ಒಂದೇ ಸಮ ಹಾಕಿ, ದೊಡ್ಡ ಮನೆಯವರೇನು ಜಾಸ್ತಿ ಉಸಿರಾಡ್ತೀವಾ?" ಅಂದರು. ಎರಡು ಬೆಡ್‌ರೂಮಿನವರೆಲ್ಲ ಒಟ್ಟಿಗೆ ಎದ್ದು ನಿಂತೆವು. ಹತ್ತು ವರ್ಷದಿಂದ ಒಬ್ಬರಿಗೊಬ್ಬರು ನಮಸ್ಕಾರ ಹೇಳದವರೂ ಅವತ್ತು ಒಂದಾದೆವು.

ಇನ್ನು ರಾಯರು.

ರಾಯರದ್ದು ನೆಲಮಹಡಿ. ಲಿಫ್ಟ್ ಬಳಸದವನು ಲಿಫ್ಟಿನ ಖರ್ಚು ಯಾಕೆ ಕೊಡಬೇಕು ಅನ್ನೋದು ಅವರ ವಾದ. ಎಲ್ಲ ಅಪಾರ್ಟ್‌ಮೆಂಟಿನಲ್ಲೂ ಇಂಥವರು ಒಬ್ಬರು ಇರುತ್ತಾರೆ, ಆದರೆ ನಮ್ಮ ರಾಯರದ್ದು ಬಾಯಿಮಾತಲ್ಲ, ವ್ರತ. ಮೊದಲ ಬಿಲ್ ಬಂದ ದಿನದಿಂದ ಲಿಫ್ಟಿನೊಳಗೆ ಕಾಲಿಟ್ಟಿಲ್ಲ. ಎರಡೂ ಮಂಡಿ ನೋವು. ಆದರೂ ಟ್ಯಾಂಕ್ ತುಂಬಿ ಹರಿಯುತ್ತಿದೆಯಾ ನೋಡೋಕೆ, ಅತ್ತಿಗೆಯವರ ಸಂಡಿಗೆಗೆ ಕಾಗೆ ಕಾಯೋಕೆ, ದಿನಾ ಟೆರೇಸಿಗೆ ಹತ್ತಲೇಬೇಕು. ಪ್ರತಿ ಮಹಡಿಯಲ್ಲೂ ನಿಂತು ಸುಧಾರಿಸಿಕೊಳ್ಳುತ್ತಾರೆ. ಎರಡನೇ ಮಹಡಿಗೆ ಬಂದಾಗ ಎದುರಿಗೆ ಸಿಗೋದು ನಮ್ಮ ಬಾಗಿಲು. ಬೆಲ್ ಹೊಡೆದು "ಒಂದು ಲೋಟ ನೀರು ಕೊಡಮ್ಮಾ" ಅಂತ ನಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂರುತ್ತಾರೆ. ನೀರು ಕುಡಿದು ಲಿಫ್ಟಿನ ಎಎಂಸಿ ಹೇಗೆ ಹಗಲು ದರೋಡೆ ಅಂತ ಹೇಳುತ್ತಾರೆ. ಒಲೆ ಮೇಲೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ವಿಷಯದ ಮುಖ್ಯ ಭಾಗಕ್ಕೆ ಬಂದಿರುತ್ತಾರೆ. ಸ್ಟ್ಯಾಂಡಿನ ಹಲಗೆ ನಡುವೆ ಬಗ್ಗಿದೆ. ಲಿಫ್ಟಿನ ಖರ್ಚು ಅವರು ಉಳಿಸಲಿ, ಬೇಡ ಅನ್ನಲ್ಲ, ನನ್ನ ಹಲಗೆಯ ಖರ್ಚು ಯಾವ ಖಾತೆಗೆ?

ರಜಕ್ಕೆ ಬರುವ ಅವರ ಮೊಮ್ಮಗ ಮಾತ್ರ ಬೆಳಗ್ಗೆಯಿಂದ ಸಂಜೆಯವರೆಗೆ ಲಿಫ್ಟಿನಲ್ಲೇ ಇರುತ್ತಾನೆ, ಎಲ್ಲ ಬಟನ್ ಒತ್ತಿಕೊಂಡು. ಕೇಳಿದರೆ ರಾಯರು, "ಅವನು ಓನರ್ ಅಲ್ಲಮ್ಮಾ, ಗೆಸ್ಟು" ಅನ್ನುತ್ತಾರೆ.

ಬಳಸಲ್ಲ ಅಂದ ಮಾತ್ರಕ್ಕೆ ಸಾಮಾನ್ಯ ಖರ್ಚು ತಪ್ಪಿಸಿಕೊಳ್ಳೋ ಹಾಗಿಲ್ಲ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಹಾಗನ್ನುತ್ತೆ ಅಂತ ಸೆಕ್ರೆಟರಿ ಒಮ್ಮೆ ಓದಿ ಹೇಳಿದ್ದರು. ರಾಯರು ಜಗ್ಗಲಿಲ್ಲ. "ನಮ್ಮ ಸಂಘ ನೋಂದಣಿ ಆಗಿರೋದು 1960ರ ಸೊಸೈಟಿ ಕಾಯ್ದೆಯಲ್ಲಿ. ಅದರಲ್ಲಿ ಲಿಫ್ಟ್ ಅನ್ನೋ ಶಬ್ದ ಎಲ್ಲಿದೆ ತೋರಿಸಿ" ಅಂದರು. ಯಾರೂ ತೋರಿಸಲಿಲ್ಲ.

ಸಭೆಯ ದಿನವೂ ರಾಯರು ಮೆಟ್ಟಿಲು ಹತ್ತಿಯೇ ಹೊರಟರು. ನಾವು ಲಿಫ್ಟಿನಲ್ಲಿ ಬಂದು ಕಾದೆವು. ಅವರು ಎಷ್ಟನೇ ಮಹಡಿಯಲ್ಲಿದ್ದಾರೆ ಅಂತ ಆಗಾಗ ಯಾರಾದರೂ ಬಗ್ಗಿ ನೋಡಿ ವರದಿ ಕೊಡುತ್ತಿದ್ದರು. ಕೊನೆಗೆ ಸೆಕ್ರೆಟರಿಗೆ ತಾಳ್ಮೆ ತಪ್ಪಿತು, ವೋಟಿಗೆ ಹಾಕಿಯೇ ಬಿಟ್ಟರು. "ಬೇಡ ಅನ್ನುವವರು ಕೈ ಎತ್ತಿ." ಹದಿನೇಳು. "ಒಪ್ಪುವವರು ಕೈ ಎತ್ತಿ." ಎಣಿಸುತ್ತಾ ಹೋದರು, ಹದಿನಾರು, ಹದಿನೇಳು... ಅಷ್ಟರಲ್ಲಿ ಟೆರೇಸಿನ ಬಾಗಿಲು ತಳ್ಳಿಕೊಂಡು ರಾಯರು ಬಂದರು. ಒಂದು ಕೈಯಲ್ಲಿ ಚೌಕಟ್ಟು ಹಿಡಿದು ಇನ್ನೊಂದು ಕೈಯನ್ನು ನೇರವಾಗಿ ಮೇಲಕ್ಕೆತ್ತಿದರು.

"ರಾಯರೂ ಸೇರಿ ಹದಿನೆಂಟು. ಪಾಸ್!" ಅಂದರು ಸೆಕ್ರೆಟರಿ.

ರಾಯರ ಬಾಯಿ ತೆರೆಯಿತು. ಮಾತು ಬರಲಿಲ್ಲ, ಬರೀ ಗಾಳಿ ಬಂತು. ತಲೆಯನ್ನು ಅಡ್ಡಡ್ಡ ಆಡಿಸಿದರು. ಸುಸ್ತಾಗಿದೆ ಪಾಪ ಅಂತ ಯಾರೋ ಕುರ್ಚಿ ಹಾಕಿದರು. ಅವರು ಕೂರಲಿಲ್ಲ, ಮೂರು ಬೆರಳು ತೋರಿಸಿದರು. ತಕರಾರು ಮೂರಿವೆ ಅಂತ ಅದರ ಅರ್ಥ, ಆಮೇಲೆ ಗೊತ್ತಾಯ್ತು. ಖಜಾಂಚಿಯವರು, "ಮೂರು ವೋಟ್ ಹಾಕೋ ಹಾಗಿಲ್ಲ ಸರ್, ಮನೆಗೆ ಒಂದೇ" ಅಂದರು. ರಾಯರ ಮುಖ ಕೆಂಪಾಯಿತು. ನೀರು ಕುಡಿಸಿದರು, ಬೆನ್ನು ಸವರಿದರು, ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. "ಬೇ..." ಅನ್ನೋ ಅಕ್ಷರ ಹೊರಗೆ ಬರೋ ಹೊತ್ತಿಗೆ ಸೆಕ್ರೆಟರಿ ಮಿನಿಟ್ಸ್ ಪುಸ್ತಕಕ್ಕೆ ಸಹಿ ಹಾಕಿ ಪೆನ್ನಿನ ಕ್ಯಾಪ್ ಮುಚ್ಚಿ ಆಗಿತ್ತು. ಲಿಫ್ಟ್ ವಿರೋಧಿಸಿ ಮೆಟ್ಟಿಲು ಹತ್ತಿದ ಒಬ್ಬ ಮನುಷ್ಯನ ಒಂದೇ ಒಂದು ಕೈಯಿಂದ ಲಿಫ್ಟ್ ಸಮೇತ ಎಲ್ಲದರ ದರ ಏರಿತು.

ಮಧ್ಯೆ ಒಂದು ವಿಷಯ ಹೇಳೋದು ಬಿಟ್ಟೆ. ರಾಯರಿಗೆ ಕಾಯುತ್ತಿದ್ದಾಗ ಖರ್ಚು ಎಲ್ಲಿ ಉಳಿಸಬಹುದು ಅಂತ ಮಾತು ಬಂತು. ರಾತ್ರಿಗೆ ಇಬ್ಬರು ಸೆಕ್ಯುರಿಟಿ ಯಾಕೆ, ಒಬ್ಬ ಸಾಕು, ಇನ್ನೊಬ್ಬ ಹೇಗೂ ನಿದ್ದೆ ಮಾಡ್ತಾನೆ ಅಂತ ಯಾರೋ ಅಂದರು. ಎಲ್ಲರೂ ನಕ್ಕೆವು. ಆ ಇನ್ನೊಬ್ಬ ಅಲ್ಲೇ ಕಾಫಿ ಹಂಚುತ್ತಿದ್ದ. ರಾಯಚೂರು ಕಡೆಯ ಹುಡುಗ. ಹಗಲು ಡ್ಯೂಟಿಯವನು ಬಂದಿಲ್ಲ ಅಂತ ಅವತ್ತು ಎರಡೂ ಪಾಳಿ ಅವನೇ ಮಾಡುತ್ತಿದ್ದ. ಟ್ರೇ ಹಿಡಿದುಕೊಂಡು ನನ್ನ ಹತ್ತಿರ ಬಂದು "ಸಕ್ರಿ ಸಾಕೇನ್ರಿ ಮೇಡಂ?" ಅಂತ ಕೇಳಿದ. ಸಾಕು ಅಂದೆ. "ಬೇಡ ಅನ್ನುವವರು ಕೈ ಎತ್ತಿ" ಅಂದಾಗ ಕಪ್ಪು ನನ್ನ ಕೈಯಲ್ಲೇ ಇತ್ತು. ನಾನು ಎತ್ತಲಿಲ್ಲ. ಆ ಕಡೆಗೂ ಎತ್ತಲಿಲ್ಲ, ಈ ಕಡೆಗೂ ಎತ್ತಲಿಲ್ಲ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ರಾತ್ರಿ ವಾಟ್ಸಾಪ್ ಗ್ರೂಪಿನಲ್ಲಿ ಯುದ್ಧ. ರಾಯರು ಕೈ ಎತ್ತಿದ್ದು "ತಡೀರಿ" ಅನ್ನೋಕೆ ಅಂತ ಅವರ ಮಗ ಅಮೆರಿಕದಿಂದ ಬರೆದ. ಟೆರೇಸಿನ ಸಿಸಿಟಿವಿ ನೋಡಿ ಅಂತ ಒಬ್ಬರು ಅಂದರು. ಸಿಸಿಟಿವಿಯ ಎಎಂಸಿಯನ್ನು ಖರ್ಚು ಉಳಿಸೋಕೆ ಅಂತ ಹೋದ ವರ್ಷವೇ ನಿಲ್ಲಿಸಿದ್ದೆವು, ಆ ಸಲಹೆ ಕೊಟ್ಟವರೂ ಇವರೇ. ಅಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋ ಬಂತು. ರಾಯರ ಅಂಗೈಯನ್ನು ದೊಡ್ಡದು ಮಾಡಿ ಹಾಕಿದ್ದರು. ಬೆರಳು ಅಗಲವಾಗಿವೆ, ಇದು "ನಿಲ್ಲಿ" ಅನ್ನೋ ಕೈ ಅಂತ ಒಂದು ಗುಂಪು. ಅಲ್ಲ, ಹೆಬ್ಬೆರಳು ಒಳಗಿದೆ, ಒಪ್ಪಿಗೆಯೇ ಅಂತ ಇನ್ನೊಂದು. ನಾಲ್ಕನೇ ಮಹಡಿಯ ಆಂಟಿ ಪೂರ್ತಿ ಓದದೆ, ಅಭಯಹಸ್ತ ಇದ್ದ ಹಾಗಿದೆ ಅಂತ ಮೂರು ಕೈಮುಗಿಯುವ ಚಿತ್ರ ಹಾಕಿದರು. ಬೆಳಗ್ಗೆ ಪೆಂಟ್‌ಹೌಸಿನವರು ಹೂವಿನ ಜೊತೆ ಗುಡ್ ಮಾರ್ನಿಂಗ್ ಕಳಿಸಿ, ಅದರ ಕೆಳಗೇ ಮರುಎಣಿಕೆ ಆಗದಿದ್ದರೆ ಹಣ ಕಟ್ಟುವುದಿಲ್ಲ ಅಂತ ಬರೆದರು.

ಈಗ ಬರುವ ಭಾನುವಾರ ಮತ್ತೆ ಸಭೆ ಇದೆ. ರಾಯರ ಉಸಿರಿನ ಹಿತದೃಷ್ಟಿಯಿಂದ ಕೆಳಗೆ ಪಾರ್ಕಿಂಗಿನಲ್ಲಿ. ಕಾರುಗಳನ್ನೆಲ್ಲ ರಸ್ತೆಗೆ ಹಾಕಿ, ಕುರ್ಚಿ ಮತ್ತು ಮೈಕ್ ಸೆಟ್ ಬಾಡಿಗೆಗೆ ತರಿಸುತ್ತಾರಂತೆ, ಆ ಖರ್ಚು ಮುಂದಿನ ಬಿಲ್ಲಿಗೆ ಸೇರುತ್ತಂತೆ. ಅದನ್ನು ಚದರಡಿ ಲೆಕ್ಕದಲ್ಲಿ ಹಾಕ್ತೀರೋ ಎಲ್ಲರಿಗೂ ಸಮಾನ ಹಾಕ್ತೀರೋ ಅಂತ ಪೆಂಟ್‌ಹೌಸಿನವರು ಕೇಳಿದ್ದಾರೆ. ರಾಯರು ಅದರ ಕೆಳಗೆ, ನಾನು ನಿಂತುಕೊಂಡೇ ಇರ್ತೀನಿ, ನನ್ನ ಬಿಲ್ಲಿನಲ್ಲಿ ಕುರ್ಚಿ ಬಾಡಿಗೆ ಕಳೆಯಿರಿ ಅಂತ ಬರೆದಿದ್ದಾರೆ.