ಉತ್ತರ ಕನ್ನಡದ ಕಿಲೋಮೀಟರು

ಕಡಿಮೆ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಲು ಬಸ್ಸು ಲೇಸೋ ರೈಲು ಲೇಸೋ ಎಂಬ ಪ್ರಶ್ನೆ ಬೇರೆ ಜಿಲ್ಲೆಗಳಲ್ಲಿ ಒಂದು ಕವಳ ಹಾಕಿ ಮುಗಿಸುವಷ್ಟರಲ್ಲಿ ಬಗೆಹರಿಯುವಂಥದ್ದು. ದೂರವನ್ನು ದರದಿಂದ ಗುಣಿಸಿ, ಬಂದ ಮೊತ್ತವನ್ನು ಕಿಸೆಯಲ್ಲಿರುವ ಮೊತ್ತದೊಡನೆ ತಾಳೆ ಹಾಕಿದರೆ ಆಯಿತು. ಉತ್ತರ ಕನ್ನಡದ ಮಿತವ್ಯಯಿಗೆ ಈ ಸೌಲಭ್ಯವಿಲ್ಲ. ಅವನು ಮೊದಲಿಗೆ ಒಂದು ಕಿಲೋಮೀಟರು ಎಷ್ಟು ಉದ್ದವಿದೆ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ. ಸಾವಿರ ಮೀಟರು ಎಂದು ಶಾಲೆಯಲ್ಲಿ ಕಲಿತದ್ದು ಪರೀಕ್ಷೆಯ ಮಟ್ಟಿಗೆ ಸರಿ, ಪ್ರಯಾಣಕ್ಕೆ ಅದು ಅನ್ವಯಿಸುವುದಿಲ್ಲ.

ರೈಲಿನಿಂದಲೇ ಆರಂಭಿಸೋಣ. ಕೊಂಕಣ ರೈಲ್ವೆ ನಿಗಮವು 1990ರಲ್ಲಿ ಸ್ಥಾಪನೆಯಾಗಿ, ಬಾಂಡುಗಳ ಮೂಲಕ ಮಾರುಕಟ್ಟೆಯಿಂದ ಹಣ ಎತ್ತಿ, ಗುಡ್ಡಗಳನ್ನು ಕೊರೆದು, ಕಾಳಿ, ಅಘನಾಶಿನಿ, ಶರಾವತಿಯಂಥ ನದಿಗಳಿಗೆ ಸೇತುವೆ ಕಟ್ಟಿ, ರೋಹಾದಿಂದ ಮಂಗಳೂರು ಬದಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಹಳಿ ಹಾಸಿ 1998ರ ಜನವರಿಯಲ್ಲಿ ಪೂರ್ಣ ಮಾರ್ಗವನ್ನು ತೆರೆದ ಸಾಹಸವನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಆದರೆ ಆ ಖರ್ಚನ್ನು ಹಿಂದಕ್ಕೆ ಪಡೆಯಲು ಕಂಡುಕೊಂಡ ಉಪಾಯವಿದೆಯಲ್ಲ, ಅದು ಎಂಜಿನಿಯರಿಂಗ್ ಸಾಹಸಕ್ಕಿಂತ ಒಂದು ಕೈ ಮೇಲು. ಈ ಹಳಿಯ ಮೇಲೆ ಪ್ರಯಾಣಿಕನು ಕ್ರಮಿಸುವ ದೂರಕ್ಕೆ ಶೇ 40ರಷ್ಟನ್ನು ಸೇರಿಸಿ ಟಿಕೆಟ್ ದರ ಲೆಕ್ಕ ಹಾಕುವ ಪದ್ಧತಿ ವರ್ಷಗಳಿಂದ ನಡೆದುಬಂದಿದೆ. ನೂರು ಕಿ.ಮೀ. ಹೋದವನು 140 ಕಿ.ಮೀ. ಹೋದನೆಂದು ಬಗೆದು ಹಣ ಪಡೆಯಲಾಗುತ್ತದೆ. ಇದನ್ನು ಯೋಚಿಸಿದವರ ಬುದ್ಧಿವಂತಿಕೆಗೆ ತಲೆಬಾಗಲೇಬೇಕು. ದರ ಹೆಚ್ಚಿಸಿದ್ದರೆ ಜನ ನಿಲ್ದಾಣದ ಎದುರು ಧರಣಿ ಕೂರುತ್ತಿದ್ದರು, ಬ್ಯಾನರು ಕಟ್ಟುತ್ತಿದ್ದರು, ಮನವಿ ಸಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ದೂರವನ್ನೇ ಹೆಚ್ಚಿಸಿದರೆ ಯಾರ ಎದುರು ಕೂರುವುದು?

ತೋಕೂರಿನಿಂದ ಕಾರವಾರಕ್ಕೆ ಹಳಿಯ ಮೇಲೆ ಇನ್ನೂರೈವತ್ತರ ಆಸುಪಾಸು ಕಿ.ಮೀ. ಇದೆ ಎಂದಿಟ್ಟುಕೊಂಡರೆ, ಕಾರವಾರದ ಪ್ರಯಾಣಿಕನು ಪ್ರತಿ ಸಲವೂ ಸರಿಸುಮಾರು ನೂರು ಕಿ.ಮೀ. ಉದ್ದದ ಅದೃಶ್ಯ ಕರಾವಳಿಯೊಂದನ್ನು ದಾಟುತ್ತಾನೆ. ಹೊನ್ನಾವರ ಮತ್ತು ಭಟ್ಕಳದ ನಡುವೆ ಎಲ್ಲಿಯೋ ಇರಬೇಕಾದ ಆ ನಾಡಿನಲ್ಲಿ ನಿಲ್ದಾಣವಿಲ್ಲ, ಚಹಾ ಮಾರುವವರಿಲ್ಲ, ತೆಂಗಿನ ತೋಟವಿಲ್ಲ, ಗದ್ದೆಯಿಲ್ಲ. ಸರ್ಕಾರ ಅಲ್ಲಿಗೆ ತಹಶೀಲ್ದಾರರನ್ನು ನೇಮಿಸಿಲ್ಲ. ಮತದಾರರ ಪಟ್ಟಿಯೂ ಅಲ್ಲಿಗೆ ಮುಟ್ಟಿಲ್ಲ. ಆದರೆ ಟಿಕೆಟಿನಲ್ಲಿ ಅದು ತಪ್ಪದೆ ಬರುತ್ತದೆ. ಘಟ್ಟದ ಮೇಲಿನವರಿಗೆ ಪ್ರತ್ಯೇಕ ಜಿಲ್ಲೆ ಬೇಕೆಂದು ಶಿರಸಿಯಲ್ಲಿ ಹೋರಾಡುತ್ತಿರುವವರು ಈ ಭೂಭಾಗದತ್ತ ಗಮನ ಹರಿಸಿದರೆ ಒತ್ತುವರಿಯ ತಕರಾರಾಗಲಿ ಅರಣ್ಯ ಹಕ್ಕಿನ ತಂಟೆಯಾಗಲಿ ಇಲ್ಲದ ಸ್ವಚ್ಛ ಜಿಲ್ಲೆಯೊಂದು ಸಿಗಬಹುದು. 2025ರ ಜುಲೈ 1ರಿಂದ ಹವಾನಿಯಂತ್ರಣವಿಲ್ಲದ ಎಕ್ಸ್‌ಪ್ರೆಸ್ ಬೋಗಿಗಳಿಗೆ ಕಿ.ಮೀ.ಗೆ ಒಂದು ಪೈಸೆಯಷ್ಟೇ ಏರಿಸಿದ್ದೇವೆ ಎಂದು ರೈಲ್ವೆಯವರು ವಿನಯದಿಂದ ಹೇಳಿಕೊಂಡರು. ಆ ಪೈಸೆ ಸಣ್ಣದೇ ಇರಬಹುದು, ಕಿ.ಮೀ. ಮಾತ್ರ ನಮ್ಮಲ್ಲಿ ದೊಡ್ಡದು.

ಇಷ್ಟೆಲ್ಲ ಆದಮೇಲೂ ಸ್ಲೀಪರ್ ದರ್ಜೆಯ ಟಿಕೆಟ್ಟು ಬಸ್ಸಿನ ಟಿಕೆಟ್ಟಿಗಿಂತ ಅಗ್ಗವಾಗಿಯೇ ಉಳಿದಿದೆ. ನಮಗೆ ಸಿಟ್ಟು ಬಾರದಿರುವುದು ಈ ಕಾರಣಕ್ಕೇ. ಆದ್ದರಿಂದ ಮಿತವ್ಯಯಿಯು ಸಂಜೆ ಹೊರಟು ಮರುದಿನ ಬೆಳಿಗ್ಗೆ ತಲುಪುವ ಪಂಚಗಂಗಾ ಎಕ್ಸ್‌ಪ್ರೆಸ್ಸನ್ನು ನೆನೆಯುತ್ತಾನೆ. ಬೆಂಗಳೂರು ಕಾರವಾರಕ್ಕೆ ಆಗ್ನೇಯ ದಿಕ್ಕಿನಲ್ಲಿದೆ ಎಂಬುದು ಭೂಪಟ ನೋಡಿದ ಮಕ್ಕಳಿಗೂ ಗೊತ್ತು. ರೈಲು ಮಾತ್ರ ಕಡಲ ಅಂಚು ಹಿಡಿದು ದಕ್ಷಿಣಕ್ಕೆ ಮಂಗಳೂರಿನ ಪಡೀಲಿನವರೆಗೂ ಹೋಗಿ, ಅಲ್ಲಿಂದ ತಿರುಗಿ ಸುಬ್ರಹ್ಮಣ್ಯ, ಸಕಲೇಶಪುರದ ಘಟ್ಟ ಹತ್ತಿ, ಹಾಸನ, ಕುಣಿಗಲ್ಲುಗಳನ್ನು ವಿಚಾರಿಸಿಕೊಂಡು ರಾಜಧಾನಿಯನ್ನು ಸೇರುತ್ತದೆ. ರಾಜ್ಯದ ಅರ್ಧ ಪ್ರವಾಸವನ್ನು ಕತ್ತಲಲ್ಲಿ ಮಾಡಿಸುವ ಈ ಔದಾರ್ಯಕ್ಕೆ ಪ್ರತ್ಯೇಕ ಶುಲ್ಕವಿಲ್ಲ ಎಂಬುದನ್ನು ಕೃತಜ್ಞತೆಯಿಂದ ದಾಖಲಿಸಬೇಕು.

ಆದರೆ ಟಿಕೆಟ್ಟು ಸಿಗಬೇಕಲ್ಲ. ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿಸಲಾಗಿದೆ. ಹಾಗಾಗಿ ಊರಿನಲ್ಲಿ ಯಾರಿಗಾದರೂ ಕಾಯಿಲೆ ಬೀಳುವುದಿದ್ದರೆ, ಯಾವುದಾದರೂ ಕಂಪನಿಗೆ ಹುಡುಗನನ್ನು ಸಂದರ್ಶನಕ್ಕೆ ಕರೆಯುವುದಿದ್ದರೆ, ಎರಡು ತಿಂಗಳು ಮೊದಲೇ ತಿಳಿಸುವ ಸೌಜನ್ಯವನ್ನು ತೋರಬೇಕು. ತೋರದಿದ್ದವರಿಗೆ ಬೆಳಿಗ್ಗೆ ಹನ್ನೊಂದು ಗಂಟೆಗೆ ತತ್ಕಾಲ್ ಇದೆ. ಆ ಹೊತ್ತಿಗೆ ಮೊಬೈಲಿನ ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡುತ್ತ ಕೂರುವುದು ಮಲೆನಾಡಿನ ನೆಟ್‌ವರ್ಕಿನಲ್ಲಿ ಒಂದು ಬಗೆಯ ಧ್ಯಾನ. ಹಿರಿಯ ನಾಗರಿಕರಾದರೆ ಮತ್ತೊಂದು ವಿಷಯ ತಿಳಿದಿರಬೇಕು. ಅವರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಸೋಂಕಿನ ಕಾರಣಕ್ಕೆ ನಿಂತಿತು. ಆಗ ನಿಂತಿದ್ದ ರೈಲುಗಳೆಲ್ಲ ಹೊರಟು ಎಷ್ಟೋ ಕಾಲವಾದರೂ ಅದೊಂದು ಇನ್ನೂ ಹೊರಟಿಲ್ಲ.

ನಿಲ್ದಾಣದ ಮಾತು ಬೇರೆ. ಕಾರವಾರದ ರೈಲು ನಿಲ್ದಾಣ ಶಿರವಾಡದಲ್ಲಿದೆ. ಗೋಕರ್ಣದ ನಿಲ್ದಾಣ ಊರಿನಿಂದ ಎಷ್ಟು ದೂರದಲ್ಲಿದೆಯೆಂದರೆ ಅದಕ್ಕೆ ಗೋಕರ್ಣ ಎಂದು ಹೆಸರಿಡಲು ಇಲಾಖೆಯವರಿಗೇ ಸಂಕೋಚವಾಗಿ ಗೋಕರ್ಣ ರೋಡ್ ಎಂದು ಬರೆಸಿದ್ದಾರೆ. ಅಲ್ಲಿಂದ ಊರಿಗೆ ಬರುವ ಆಟೋದ ಕಿ.ಮೀ. ಶೇ 40ಕ್ಕೆಲ್ಲ ತೃಪ್ತಿಪಡುವಂಥದ್ದಲ್ಲ. ಬೆಂಗಳೂರಿನಿಂದ ಇಲ್ಲಿಯವರೆಗೆ ಉಳಿಸಿದ್ದನ್ನು ಕೊನೆಯ ಕೆಲವು ಕಿ.ಮೀ.ಗಳಲ್ಲಿ ಕೈಬಿಟ್ಟು ಮನೆ ಸೇರುವ ಮಿತವ್ಯಯಿಯ ಮುಖದಲ್ಲಿ ವೈರಾಗ್ಯ ಕಾಣಿಸಿದರೆ ಅದನ್ನು ಕ್ಷೇತ್ರಮಹಿಮೆ ಎಂದು ತಪ್ಪು ತಿಳಿಯಬಾರದು.

ಶಿರಸಿಯವರ ಲೆಕ್ಕ ಇದಕ್ಕಿಂತ ಸರಳವಾಗಿದೆ; ಅಲ್ಲಿ ರೈಲೇ ಇಲ್ಲ. ರೈಲಿನಲ್ಲಿ ಹೋಗುವ ಹಟವಿದ್ದವರು ಬಸ್ಸು ಹತ್ತಿ ಹಾವೇರಿಗೋ ತಾಳಗುಪ್ಪಕ್ಕೋ ಕುಮಟೆಗೋ ಹೋಗಬೇಕು. ಶಿವಮೊಗ್ಗದ ಕಡೆಯಿಂದ ಬಂದ ಹಳಿ ಸಿದ್ದಾಪುರದ ಹೊಸ್ತಿಲಲ್ಲಿರುವ ತಾಳಗುಪ್ಪದವರೆಗೆ ಬಂದು ನಿಂತುಬಿಟ್ಟಿದೆ, ಅಲ್ಲಿಂದ ಮುಂದಕ್ಕೆ ಸಮೀಕ್ಷೆಗಳು ಮಾತ್ರ ಓಡಾಡುತ್ತವೆ. ಕುಮಟೆಯ ದಾರಿಯಲ್ಲಿ ದೇವಿಮನೆ ಘಟ್ಟವಿದ್ದು, ಅದನ್ನು ಅಗಲ ಮಾಡುವ ಕಾಮಗಾರಿಯ ಕಾರಣಕ್ಕೆ ರಸ್ತೆ ಒಮ್ಮೆ ಮುಚ್ಚಿರುತ್ತದೆ, ಒಮ್ಮೆ ತೆರೆದಿರುತ್ತದೆ. ಮುಚ್ಚಿದ್ದಾಗ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲೆ ಸೇರಬಹುದು. ಬಸ್ಸಿನಲ್ಲಿ ಇಷ್ಟು ಸುತ್ತಿ ರೈಲು ಹಿಡಿಯುವವನು ಅಷ್ಟೇ ಹೊತ್ತು ಹುಬ್ಬಳ್ಳಿಯ ಬಸ್ಸಿನಲ್ಲಿ ಕುಳಿತಿದ್ದರೆ ಅಲ್ಲಿಗೆ ತಲುಪಿ ಇಡ್ಲಿ ತಿನ್ನುತ್ತಿರುತ್ತಿದ್ದ.

ಹಾಗಾದರೆ ಬಸ್ಸೇ ಸೈ ಎನ್ನೋಣ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನ ಕಿ.ಮೀ. ಉಳಿದವುಗಳಿಗೆ ಹೋಲಿಸಿದರೆ ಪ್ರಾಮಾಣಿಕವಾದುದು. ಅದು ಉದ್ದವಾಗುವುದಿಲ್ಲ, ಘಟ್ಟದಲ್ಲಿ ಸ್ವಲ್ಪ ಸೊಟ್ಟವಾಗುತ್ತದೆ ಅಷ್ಟೆ. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿದೆ, ಏರಿಸಿದವರು ಏರಿಸಿದ್ದೇವೆ ಎಂದೇ ಹೇಳಿದ್ದಾರೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಶೂನ್ಯ. ಗಂಡ-ಹೆಂಡತಿ ಜೊತೆಯಾಗಿ ಹೊರಟರೆ ತಲಾ ಖರ್ಚು ಅರ್ಧಕ್ಕೆ ಇಳಿದು ರೈಲಿನ ಹತ್ತಿರ ಹತ್ತಿರ ಬರುತ್ತದೆ. ಮಿತವ್ಯಯಿಯು ಮದುವೆಯಾಗಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ. ಐಷಾರಾಮಿ ಎಂದು ಕರೆಯಲಾಗುವ ಬಸ್ಸುಗಳಿಗೆ ಮಾತ್ರ ಯೋಜನೆ ಅನ್ವಯಿಸುವುದಿಲ್ಲ. ರಾತ್ರಿಯಿಡೀ ನೆಟ್ಟಗೆ ಕುಳಿತು ಹೋದ ಮಹಿಳೆ ಸಬಲೆ, ಬೆನ್ನು ನೋವೆಂದು ಮಲಗಿ ಹೋದವಳು ಗ್ರಾಹಕಿ. ಯೋಜನೆಯನ್ನು ಹಳಿಯುವ ಗಂಡಸರ ಗುಂಪಿಗೆ ನಾನು ಸೇರಿದವನಲ್ಲ. ಹಳ್ಳಿಯ ಹೆಂಗಸರು ತಾಲ್ಲೂಕಿನ ಆಸ್ಪತ್ರೆಗೆ ಯಾರನ್ನೂ ಕಾಸು ಕೇಳದೆ ಹೋಗಿ ಬರುವುದು ದೊಡ್ಡ ಸಂಗತಿಯೇ. ಟಿಕೆಟ್ಟನ್ನು ಶೂನ್ಯ ಮಾಡಿದವರು ಕೆಲವು ಹೊತ್ತಿನಲ್ಲಿ ಬಸ್ಸನ್ನೂ ಶೂನ್ಯ ಮಾಡಿ ಸಮತೋಲ ಕಾಯ್ದುಕೊಂಡಿದ್ದಾರೆ ಎಂಬುದಷ್ಟೇ ತಕರಾರು.

ಖಾಸಗಿ ಬಸ್ಸಿನ ಕಿ.ಮೀ. ಪಂಚಾಂಗ ನೋಡಿ ಬೆಳೆಯುವಂಥದ್ದು. ಪಿತೃಪಕ್ಷದ ಮಂಗಳವಾರ ಅದು ಸಾವಿರ ಮೀಟರಿಗೆ ಹತ್ತಿರವಿರುತ್ತದೆ. ಶುಕ್ರವಾರ ಸಂಜೆ ಹಿಗ್ಗುತ್ತದೆ, ದೀಪಾವಳಿಗೆ ಉಬ್ಬುತ್ತದೆ, ಚೌತಿಯ ಮುನ್ನಾದಿನ ಗಣಪತಿಯ ಹೊಟ್ಟೆಯೂ ನಾಚುವಷ್ಟಾಗುತ್ತದೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆ ಬಂದಾಗ ಬೆಂಗಳೂರು ಎಷ್ಟು ದೂರ ಸರಿಯುತ್ತದೆ ಎಂದರೆ ದರ ನೋಡಿದವರಿಗೆ ಬಸ್ಸು ಶಿರಸಿಗೆ ಹೋಗುವುದೋ ಕಾಶಿಗೆ ಹೋಗುವುದೋ ಎಂಬ ಸಂಶಯ ಬರುತ್ತದೆ. ಇದನ್ನು ತಡೆಯಲು ಸರ್ಕಾರದ ಬಳಿ ಒಂದು ಕ್ರಮವಿದೆ. ಪ್ರತಿ ಹಬ್ಬಕ್ಕೂ ಕೆಲವು ದಿನ ಮೊದಲು, ಹೆಚ್ಚು ದರ ವಸೂಲಿ ಮಾಡಿದರೆ ಕಠಿಣ ಕ್ರಮ ಕೈಗೊಳ್ಳಲಾಗುವುದು ಎಂಬ ಎಚ್ಚರಿಕೆ ಪತ್ರಿಕೆಯಲ್ಲಿ ಬರುತ್ತದೆ. ಬಸ್ಸಿನವರು ಅದನ್ನು ಹಬ್ಬ ಹತ್ತಿರ ಬಂದಿರುವುದರ ಅಧಿಕೃತ ಪ್ರಕಟಣೆ ಎಂದು ಸ್ವೀಕರಿಸಿ ದರ ಬದಲಿಸುತ್ತಾರೆ.

ನಡುವೆ 2023ರ ಡಿಸೆಂಬರ್ 30ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಬಂದಿತು. ಬೆಂಗಳೂರಿಗೆ ಹೋಗದ, ಜಿಲ್ಲೆಯಲ್ಲಿ ಕಾರವಾರವೊಂದರಲ್ಲೇ ನಿಲುಗಡೆ ಪಡೆದು ಆರಂಭವಾದ ಆ ರೈಲು ಮಿತವ್ಯಯಿಯ ಪಾಲಿಗೆ ಊಟಕ್ಕಿಲ್ಲದ ಉಪ್ಪಿನಕಾಯಿ.

ಇನ್ನು ಉಳಿದದ್ದು ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ. 160ಕ್ಕೂ ಹೆಚ್ಚು ಕಿ.ಮೀ. ಉದ್ದದ ಈ ಮಾರ್ಗ 1990ರ ದಶಕದಲ್ಲೇ ಮಂಜೂರಾಗಿ, ಹುಬ್ಬಳ್ಳಿಯಿಂದ ಕಲಘಟಗಿಯ ಕಡೆಗೆ ಒಂದಿಷ್ಟು ಕೆಲಸವೂ ನಡೆದು, ಕಾಡಿನ ಅಂಚಿಗೆ ಬಂದು ನಿಂತಿತು. ಅಂದಿನಿಂದ ಅದು ಹಳಿಯ ಬದಲು ಕಡತಗಳ ಮೇಲೆ ಓಡುತ್ತಿದೆ. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು, ಅದೇ ವರ್ಷ ಹೈಕೋರ್ಟು ತಡೆ ನೀಡಿತು. ಪಶ್ಚಿಮ ಘಟ್ಟದ ಕಾಡನ್ನು ಈ ಪ್ರಮಾಣದಲ್ಲಿ ಕಡಿಯಬಾರದು ಎಂಬ ವಾದಕ್ಕೆ ತೂಕವಿದೆ. ಮಳೆಗಾಲದಲ್ಲಿ ನಮ್ಮ ಗುಡ್ಡಗಳು ಕುಸಿಯುವುದನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಕಾಡು ಉಳಿಯಲಿ ಎಂದು ತೀರ್ಮಾನಿಸಿದ್ದರೆ ಹಾಗೆ ಸಾರಿ, ಆ ಹಣದಲ್ಲಿ ಕರಾವಳಿಗೆ ನಾಲ್ಕು ಕೆಂಪು ಬಸ್ಸುಗಳನ್ನು ಹೆಚ್ಚಿಗೆ ಕೊಡಬಹುದಿತ್ತು. ರೈಲು ಬೇಕೆಂದಿದ್ದರೆ ಕಡಿಮೆ ಕಾಡು ಹೋಗುವ ಹಾದಿಯನ್ನು ಹುಡುಕಿ ಕಟ್ಟಬಹುದಿತ್ತು. ಎರಡನ್ನೂ ಮಾಡದೆ, ಚುನಾವಣೆ ಬಂದಾಗಲೆಲ್ಲ ಹಳಿಯನ್ನು ಹೊರತೆಗೆದು ಒರೆಸಿ ಮತ್ತೆ ಒಳಗಿಡುವ ಕ್ರಮವೇ ಎಲ್ಲ ಪಕ್ಷಗಳಿಗೂ ಅನುಕೂಲಕರವಾಗಿ ಕಂಡಿದೆ.

ಇಲ್ಲಿ ರೈಲ್ವೆಗೆ ಒಂದು ಸಲಹೆಯಿದೆ. ಇಲ್ಲದ ಕಿ.ಮೀ.ಗೆ ಹಣ ಪಡೆದ ಅನುಭವ ಕರಾವಳಿಯ ಹಳಿಯಲ್ಲಿ ಈಗಾಗಲೇ ಸಾಕಷ್ಟಿದೆ. ಪ್ರತಿ ನೂರಕ್ಕೆ ನಲವತ್ತು ಇಲ್ಲದ್ದಕ್ಕೆ ಟಿಕೆಟ್ ಕೊಡಬಹುದಾದರೆ, ನೂರಕ್ಕೆ ನೂರು ಇಲ್ಲದ್ದಕ್ಕೆ ಕೊಡಲು ತಾಂತ್ರಿಕ ತೊಡಕೇನೂ ಕಾಣುವುದಿಲ್ಲ. ಹುಬ್ಬಳ್ಳಿ–ಅಂಕೋಲಾ ನಡುವೆ ನಾಳೆಯಿಂದಲೇ ಟಿಕೆಟ್ ಮಾರಾಟ ಆರಂಭಿಸಲಿ. ಮರ ಕಡಿಯಬೇಕಿಲ್ಲ, ಸುರಂಗ ಕೊರೆಯಬೇಕಿಲ್ಲ, ರೈಲು ತಡವಾಯಿತೆಂಬ ದೂರೂ ಬರುವುದಿಲ್ಲ. ಅರವತ್ತು ದಿನ ಮೊದಲು ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯಲಿ. ನಮ್ಮವರ ಪರಿಚಯವಿರುವುದರಿಂದ ಹೇಳುತ್ತೇನೆ, ಎಂಟೂ ಐದಕ್ಕೆಲ್ಲ ವೇಟಿಂಗ್ ಲಿಸ್ಟು ಶುರುವಾಗಿರುತ್ತದೆ.