ಜಿಗಿಯುವ ಮುಂಚೆ ಆ ಹುಡುಗರ ಕಾಲನ್ನು ಸೋಲಿಸಬೇಡಿ

ಬೆಳಿಗ್ಗೆ ತುಮಕೂರಿನ ಮೈದಾನವೊಂದರಲ್ಲಿ ಕಂಡದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗರು. ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡವರು. ಕಾಲು ಚಾಚಿ ಕೂತವನ ಬೆನ್ನನ್ನು ಇನ್ನೊಬ್ಬ ಅದುಮಬೇಕು. "ನೂರು ಎಣಿಸೋ ತನಕ ಬಿಡಬೇಡ, ಒತ್ತು!" ಅಂತ ತರಬೇತುದಾರರ ಕೂಗು. ತೊಡೆಯ ಹಿಂಭಾಗ ಆಯಿತು, ಮೀನಖಂಡ ಆಯಿತು, ಮತ್ತೆ ಇನ್ನೊಂದು ಸುತ್ತು. ಮುಗಿದ ಕೂಡಲೇ ಎಬ್ಬಿಸಿ ಲಾಂಗ್ ಜಂಪ್ ಟ್ರಯಲ್. ಪಾಸಾಗಲು ಬೇಕಾದ 3.80 ಮೀಟರ್ ಮುಟ್ಟದವನಿಗೆ ಬೈಗುಳ: "ಕಾಲಲ್ಲಿ ಶಕ್ತಿ ಇಲ್ವೇನೋ?"

ಶಕ್ತಿ ಇತ್ತು ಸ್ವಾಮಿ. ಅದನ್ನು ತಗ್ಗಿಸಿದ್ದು ನೀವು ಈಗಷ್ಟೇ ಮಾಡಿಸಿದ ಎಳೆತ, ಅಂದರೆ ಸ್ನಾಯುವನ್ನು ಹಿಗ್ಗಿಸಿ ಹಿಡಿಯುವ ಸ್ಟ್ರೆಚಿಂಗ್.

ಇದು ನನ್ನ ಊಹೆಯಲ್ಲ. ಕೆನಡಾದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಮೀನಖಂಡವನ್ನು ಸುಮಾರು ಅರ್ಧ ಗಂಟೆ ಹೊರಗಿನ ಬಲದಿಂದ ಎಳೆದು ಹಿಡಿದರು, ಒಂದೊಂದು ಸಲ 135 ಸೆಕೆಂಡಿನಂತೆ 13 ಸಲ. ಮುಗಿದ ತಕ್ಷಣ ಅಳೆದರೆ ಬಲ ಶೇ 28ರಷ್ಟು ಕುಸಿದಿತ್ತು. ಒಂದು ಗಂಟೆ ಕಳೆದರೂ ಶೇ 9ರಷ್ಟು ಕೊರತೆ ಉಳಿದಿತ್ತು. ಮೊದಲ ಕೆಲವು ನಿಮಿಷ ಸ್ನಾಯುವನ್ನು ಪೂರ್ತಿ ಕೆಲಸಕ್ಕೆ ಹಚ್ಚಲು ನರಗಳಿಗೇ ಆಗುತ್ತಿರಲಿಲ್ಲ. ಎಷ್ಟೇ ಮನಸ್ಸು ಮಾಡಿ ಒದ್ದರೂ ಸ್ನಾಯುವಿನ ಒಂದು ಪಾಲು ಸುಮ್ಮನೆ ಉಳಿಯುತ್ತದೆ. ಹದಿನೈದು ನಿಮಿಷದ ಹೊತ್ತಿಗೆ ನರದ ಕಡೆಯದು ಸರಿಹೋಯಿತು, ಆದರೆ ಸ್ನಾಯುವಿನದೇ ಬಲ ಮಾತ್ರ ಬೇಗ ಮರಳಲಿಲ್ಲ. ಜೊತೆಗೆ ಎಳೆತದಿಂದ ಸ್ನಾಯು ಮತ್ತು ಅದನ್ನು ಮೂಳೆಗೆ ಕಟ್ಟುವ ರಜ್ಜುವಿನ ಬಿಗುವೂ ಇಳಿಯುತ್ತದೆ. ಕ್ಯಾಟರ್‌ಬಿಲ್ಲಿನ ರಬ್ಬರು ಜೋಲುಬಿದ್ದರೆ ಕಲ್ಲು ದೂರ ಹೋಗುತ್ತದಾ?

"ಅರ್ಧ ಗಂಟೆ ಯಾರು ಎಳೀತಾರೆ ಮೇಷ್ಟ್ರೇ?" ಅಂತ ಕೇಳುತ್ತೀರಿ. ನಿಜ, ಯಾರೂ ಎಳೆಯುವುದಿಲ್ಲ. ಆದರೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2016ರಲ್ಲಿ ಬಂದ ವಿಮರ್ಶೆಯ ಲೆಕ್ಕ ನೋಡಿ. ಒಂದು ಸ್ನಾಯುವಿಗೆ 60 ಸೆಕೆಂಡಿಗಿಂತ ಕಡಿಮೆ ಎಳೆದರೆ ಸಾಮರ್ಥ್ಯ ಸರಾಸರಿ ಶೇ 1.1ರಷ್ಟು ಇಳಿಯುತ್ತದೆ, ಅದು ದೊಡ್ಡದಲ್ಲ. 60 ಸೆಕೆಂಡು ಅಥವಾ ಮೇಲಾದರೆ ಶೇ 4.6. ನೂರು ಎಣಿಸುವ ತನಕ, ಅದೂ ಎರಡೆರಡು ಸುತ್ತು ಒತ್ತಿದರೆ ಯಾವ ಸಾಲಿಗೆ ಬೀಳುತ್ತದೆ, ನೀವೇ ಹೇಳಿ. ಮೂರೇ ಅವಕಾಶ ಇರುವ ಜಿಗಿತದಲ್ಲಿ ನಾಲ್ಕು ಬೆರಳು ಕಡಿಮೆ ಬಿದ್ದರೂ ಮನೆ ದಾರಿ.

ಸ್ನಾಯು ಹಿಡಿಯದಿರಲಿ ಅಂತ ಮಾಡಿಸುತ್ತೇವೆ ಎನ್ನುವ ವಾದವೂ ಗೊತ್ತು. ಸ್ನಾಯು ಹರಿಯುವ ಗಾಯ ಸ್ವಲ್ಪ ತಗ್ಗಬಹುದು ಎಂಬ ಸೂಚನೆಗಳಿವೆ, ಒಪ್ಪುತ್ತೇನೆ. ಅದಕ್ಕೆ ಮೈ ಬಿಸಿಯಾದ ಮೇಲೆ ಇಪ್ಪತ್ತು ಇಪ್ಪತ್ತೈದು ಸೆಕೆಂಡು ಸಾಕಲ್ಲವೇ? ಆಮೇಲೆ ಮಂಡಿ ಎತ್ತಿ ಓಡಿಸಿ, ಕಾಲು ಬೀಸಿಸಿ, ಸಣ್ಣ ಸಣ್ಣ ಜಿಗಿತ ಹಾಕಿಸಿ, ಒಂದೆರಡು ಜೋರು ಓಟ ಕೊಡಿ. ಆ ಚೂರು ಕೊರತೆಯೂ ಬಹುಪಾಲು ಅಲ್ಲೇ ತುಂಬಿಕೊಳ್ಳುತ್ತದೆ. ದೀರ್ಘ ಎಳೆತವನ್ನು ಸಂಜೆ ಮಾಡಿಸಿ, ಅಭ್ಯಾಸ ಮುಗಿದ ಮೇಲೆ ಮಾಡಿಸಿ. ಯಾರು ಬೇಡ ಅಂದರು? ಮೈ ಬಾಗಬೇಕು, ಖಂಡಿತ. ಜಿಗಿತದ ಹಿಂದಿನ ಹತ್ತು ನಿಮಿಷದಲ್ಲಿ ಮಾತ್ರ ಬೇಡ.

ಯಾಕಿಷ್ಟು ಸಂಕಟ ಅಂದರೆ, ನನ್ನ ತಂಗಿ ಮಗ ಇದೇ ಪರೀಕ್ಷೆಯ ಲಾಂಗ್ ಜಂಪಿನಲ್ಲಿ ಹೊರಬಿದ್ದವನು. ಎಳೆತದಿಂದಲೇ ಹಾಗಾಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಆವತ್ತು ರಾತ್ರಿ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದವನನ್ನು ನೋಡಿದ್ದೇನೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಲು ಚಳಿಯಲ್ಲಿ ಎದ್ದು ಓಡುವ ಮಕ್ಕಳು ಇವರು. ಅವರ ಫೀಸು ಅವರಪ್ಪ ಶೇಂಗಾ ಮಾರಿ ಕಟ್ಟಿದ್ದಿರಬಹುದು.

ಆ ತರಬೇತುದಾರರನ್ನು ಬಲ್ಲವರು ಇದನ್ನು ಓದುತ್ತಿರುವವರಲ್ಲೇ ಇದ್ದೀರಿ. ಇದನ್ನು ಅವರಿಗೆ ಓದಿಸಿ. ಬೇಕಿದ್ದರೆ ನಾನೇ ಮೈದಾನಕ್ಕೆ ಬರುತ್ತೇನೆ. ಹುಡುಗರನ್ನು ಒಂದು ದಿನ ಎಳೆತದ ಬೆನ್ನಿಗೇ, ಇನ್ನೊಂದು ದಿನ ಚುರುಕು ವಾರ್ಮ್ ಅಪ್ ಆದ ಮೇಲೆ ಜಿಗಿಸೋಣ. ಟೇಪು ನಾನು ತರುತ್ತೇನೆ, ಅಳತೆ ಅವರೇ ಹಿಡಿಯಲಿ.